ಇಪ್ಪತ್ತು ಸಿನಿಮಾಗಳ ಪಟ್ಟಿ ಕೇಳಿದ ಸುಮಂತನಿಗೆ

ಚಿ. ಸುಮಂತನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ದೊಡ್ಡಪ್ಪನ ಮಂಡಿನೋವು ಈಗ ಪರವಾಗಿಲ್ಲ. ನಿನ್ನ ರೂಮಿನಲ್ಲಿ ಶನಿವಾರ ರಾತ್ರಿ ಹಾರರ್ ಸಿನಿಮಾ ನೋಡುವ ಗುಂಪು ಸೇರುತ್ತಿದೆ, ಅವರಿಗೆಲ್ಲ ಕಳಿಸಲು ಇಪ್ಪತ್ತು ಒಳ್ಳೆಯ ಜೋಂಬಿ ಸಿನಿಮಾಗಳ, ಅಂದರೆ ಎದ್ದು ಓಡಾಡುವ ಹೆಣಗಳ ಸಿನಿಮಾಗಳ ಪಟ್ಟಿ ಬೇಕು ಅಂತ ಕೇಳಿದ್ದೀಯ. ಮನೆಯಲ್ಲಿ ಉಳಿದವರೆಲ್ಲ "ಈ ವಯಸ್ಸಲ್ಲಿ ಹೆಣದ ಸಿನಿಮಾ ನೋಡ್ತೀಯಲ್ಲ" ಅಂತ ನನ್ನನ್ನು ಆಡಿಕೊಳ್ಳುತ್ತಾರೆ. ನೀನೊಬ್ಬ ಸಲಹೆ ಕೇಳಿದ್ದೀಯ. ಖುಷಿಯಾಯಿತು. ಆದರೆ ಪಟ್ಟಿ ಕೊಡುವುದಿಲ್ಲ.

ಪಟ್ಟಿಯನ್ನು ಯಾರೂ ನೋಡುವುದಿಲ್ಲ ಕಣೋ. ಇಪ್ಪತ್ತು ಹೆಸರು ಕಳಿಸಿದರೆ "ಸೂಪರ್" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಒಬ್ಬರಿಗೆ ಒಂದೇ ಸಿನಿಮಾ ಹೇಳು. ಅವರಿಗೇ ಅಂತ ಆರಿಸಿ ಹೇಳು. ಯಾವ ನಟ ಇಷ್ಟ, ಯಾವ ಭಾಷೆ ಇಷ್ಟ ಅಂತೆಲ್ಲ ಆಮೇಲೆ ವಿಚಾರಿಸು. ಮೊದಲು ಯಾವುದಕ್ಕೆ ಹೆದರಿಕೆ ಅಂತ ಕೇಳು.

ಮುಚ್ಚಿದ ಜಾಗ ಅಂದರೆ ಉಸಿರು ಕಟ್ಟುತ್ತದೆ ಅನ್ನುವವನಿಗೆ 2007ರ ಸ್ಪೇನಿನ 'ರೆಕ್' ಹೇಳು. ಬಾರ್ಸಿಲೋನಾದ ಒಂದು ಅಪಾರ್ಟ್‌ಮೆಂಟು, ಒಬ್ಬಳು ಟಿವಿ ವರದಿಗಾರ್ತಿ, ಅಗ್ನಿಶಾಮಕ ದಳದವರು. ಹೊರಗಿನಿಂದ ಬಾಗಿಲು ಮುಚ್ಚಿಬಿಡುತ್ತಾರೆ. ಅಷ್ಟು ಹೇಳಿದರೆ ಸಾಕು. ಆದರೆ ಕ್ಯಾಮೆರಾ ಪೂರ್ತಿ ಅಲ್ಲಾಡುತ್ತದೆ, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರಿಗೆ ಮೊದಲೇ ಹೇಳಿಬಿಡು. ಒಂಟಿತನಕ್ಕೆ ಹೆದರುವವರಿಗೆ ಡ್ಯಾನಿ ಬಾಯ್ಲ್‌ನ '28 ಡೇಸ್ ಲೇಟರ್' ಇದೆ. ಮುಂಜಾನೆ ಹೊತ್ತಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ವಾಹನ ತಡೆದು, ಸಾಧಾರಣ ಡಿಜಿಟಲ್ ವಿಡಿಯೊ ಕ್ಯಾಮೆರಾದಲ್ಲಿ ಖಾಲಿ ಲಂಡನ್ ತೆಗೆದಿದ್ದಾರೆ. ಲಾಕ್‌ಡೌನ್ ಆದಮೇಲೆ ಆ ದೃಶ್ಯ ನೋಡಿದವರಿಗೆ ಅದು 2002ರ ಸಿನಿಮಾ ಅನ್ನಿಸುವುದೇ ಇಲ್ಲ.

ರಕ್ತ ಕಂಡರೆ ಆಗದವರನ್ನು ದೂರ ಇಡಬೇಡ. ಅವರಿಗೆ 1932ರ 'ವೈಟ್ ಜೋಂಬಿ' ತೋರಿಸು. ಹಳೆಯ ಹಾರರ್ ನಟ ಬೇಲಾ ಲುಗೋಸಿ ಇದ್ದಾನೆ. ಕಥೆ ನಡೆಯುವುದು ಕೆರಿಬಿಯನ್ ದೇಶ ಹೈಟಿಯಲ್ಲಿ. ಜೋಂಬಿ ಹುಟ್ಟಿದ್ದೂ ಅಲ್ಲೇ, ಕಬ್ಬಿನ ತೋಟಗಳಲ್ಲಿ ದುಡಿದು ಸಾಯುತ್ತಿದ್ದ ಗುಲಾಮರ ನಂಬಿಕೆಯಲ್ಲಿ. ಸತ್ತಮೇಲಾದರೂ ಬಿಡುಗಡೆ ಅಂದುಕೊಂಡರೆ, ಹೆಣವನ್ನೂ ಎಬ್ಬಿಸಿ ದುಡಿಸಿಕೊಂಡರೆ ಏನು ಗತಿ? ಅವರ ಹೆದರಿಕೆ ಅದಾಗಿತ್ತು. ಕಚ್ಚುವುದು, ತಿನ್ನುವುದು ಎಲ್ಲ ಆಮೇಲೆ ಸೇರಿದ್ದು. ಸಕ್ಕರೆ ಗಾಣದ ದೃಶ್ಯ ಒಂದನ್ನು ನೋಡಿದರೂ ನಾನು ಹೇಳುವುದು ಅರ್ಥವಾಗುತ್ತದೆ. ಉಳಿದ ಸಿನಿಮಾ ಸ್ವಲ್ಪ ಎಳೆದಾಟವೇ, ಸುಳ್ಳು ಯಾಕೆ ಹೇಳಲಿ.

ಇನ್ನು ನಿನ್ನ ಹಟದ ವಿಷಯ. ಹೊಸಬರೆಲ್ಲ ಜಾರ್ಜ್ ರೊಮೆರೊನ 'ನೈಟ್ ಆಫ್ ದಿ ಲಿವಿಂಗ್ ಡೆಡ್'ನಿಂದಲೇ ಶುರು ಮಾಡಬೇಕು ಅಂತ ನಿಯಮ ಮಾಡಿದ್ದೀಯಂತೆ. ಬೇಡ ಮಾರಾಯ. 1968ರ ಕಪ್ಪು ಬಿಳುಪು ಸಿನಿಮಾ, ಸುಮಾರು 1,14,000 ಡಾಲರಿನಲ್ಲಿ ಪಿಟ್ಸ್‌ಬರ್ಗಿನ ಹತ್ತಿರ ಮಾಡಿದ್ದು. ಇವತ್ತಿನ ಜೋಂಬಿ ಅಲ್ಲಿಂದಲೇ ಬಂತು, ಒಪ್ಪುತ್ತೇನೆ. ತಮಾಷೆ ಅಂದರೆ ಜೋಂಬಿ ಅನ್ನುವ ಹೆಸರು ಇಡೀ ಸಿನಿಮಾದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಮೊದಲ ದಿನವೇ ಅದನ್ನು ಕೊಟ್ಟರೆ ಪಾಠ ಓದಿಸಿದ ಹಾಗೆ ಇರುತ್ತದೆ. ಎರಡು ಮೂರು ಹೊಸ ಸಿನಿಮಾ ಮೆಚ್ಚಿಕೊಂಡು "ಇದೆಲ್ಲ ಶುರುವಾಗಿದ್ದು ಎಲ್ಲಿಂದ" ಅಂತ ಅವರೇ ಕೇಳಲಿ, ಆಗ ಕೊಡು. ಕೊಡುವಾಗ ಪ್ರಿಂಟ್ ನೋಡಿ ಕೊಡು. ಕೊನೆಗಳಿಗೆಯಲ್ಲಿ ಸಿನಿಮಾದ ಹೆಸರು ಬದಲಾಯಿಸುವಾಗ ಕಾಪಿರೈಟ್ ಸೂಚನೆ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟಕ್ಕೇ ಹಕ್ಕು ಹೋಯಿತು. ಹಾಗಾಗಿ ಕಂಡಕಂಡವರೆಲ್ಲ ಮಸುಕು ಪ್ರತಿ ಮಾಡಿ ಮಾರಿದರು, ಇವತ್ತಿಗೂ ಅವೇ ಜಾಸ್ತಿ ಸಿಗುತ್ತವೆ. "ಬೋರು" ಅಂದವರಲ್ಲಿ ಅರ್ಧ ಜನ ಅದನ್ನೇ ನೋಡಿರುತ್ತಾರೆ. ಚೊಕ್ಕ ಮಾಡಿದ ಪ್ರತಿ ಬಂದಿದೆ, ಅದನ್ನು ಹುಡುಕು.

ಎಷ್ಟು ಹೇಳಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ಕಷ್ಟದ ಭಾಗ. ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' ನೀನು ನೋಡಿದ್ದೀಯ. ಶಿನಿಚಿರೊ ಉಯೆದಾ 2017ರಲ್ಲಿ ಸುಮಾರು 30 ಲಕ್ಷ ಯೆನ್‌ನಲ್ಲಿ ಮಾಡಿದ್ದು. ನಮ್ಮ ದುಡ್ಡಿನಲ್ಲಿ ಒಂದು ಕಾರಿನ ಬೆಲೆ, ಅಷ್ಟೇ. ಮೊದಲ 37 ನಿಮಿಷ ಒಂದೇ ಶಾಟ್. ಅದು ನೋಡುವವರಿಗೆ ಪೆದ್ದುಪೆದ್ದಾಗಿ ಕಾಣುತ್ತದೆ. ನಟನೆ ತಡವರಿಸುತ್ತದೆ, ಸುಮ್ಮಸುಮ್ಮನೆ ಮೌನ ಬರುತ್ತದೆ. ಅದು ಯಾಕೆ ಹಾಗಿದೆ ಅಂತ ಹೇಳಿಬಿಟ್ಟರೆ ಸಿನಿಮಾ ಸತ್ತಿತು. ಹೇಳದಿದ್ದರೆ ಅವರು ಇಪ್ಪತ್ತನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಹಾಗಾದರೆ ಏನು ಹೇಳಬೇಕು? "ನಲವತ್ತು ನಿಮಿಷ ನನ್ನನ್ನು ನಂಬಿ ಕೂತ್ಕೋ" ಅಂತ ಮಾತ್ರ. ಈ ಮಾತು ನಡೆಯಬೇಕಾದರೆ ನಿನ್ನ ಮೇಲೆ ಅವರಿಗೆ ಮೊದಲೇ ನಂಬಿಕೆ ಇರಬೇಕು. ಕಂಡಿದ್ದಕ್ಕೆಲ್ಲ "ಬೆಂಕಿ ಸಿನಿಮಾ, ಮಿಸ್ ಮಾಡ್ಬೇಡ" ಅನ್ನುವವನ ಮಾತು ಕೇಳಿ ಯಾರು ನಲವತ್ತು ನಿಮಿಷ ಕೂರುತ್ತಾರೆ? ಜಪಾನಿನಲ್ಲಿ ಎರಡೇ ಚಿಕ್ಕ ಚಿತ್ರಮಂದಿರಗಳಲ್ಲಿ ಬಿಡುಗಡೆಯಾದ ಆ ಸಿನಿಮಾ ನೂರಾರು ಕಡೆ ಹಬ್ಬಿದ್ದು ಬಾಯಿಮಾತಿನಿಂದಲೇ. ನೋಡಿದವರು ಗುಟ್ಟು ಬಿಡದೆ ಇನ್ನೊಬ್ಬರನ್ನು ಕಳಿಸಿದರು. ನಮ್ಮ ಥರದ ಅಭಿಮಾನಿಗಳು ಮಾಡಬೇಕಾದ ಕೆಲಸ ಇಷ್ಟೇ ಅನ್ನಿಸುತ್ತದೆ ನನಗೆ.

ಒಂದು ವಿಷಯದಲ್ಲಿ ಮಾತ್ರ ಮೊದಲೇ ಎಚ್ಚರಿಕೆ ಕೊಡು. ಮಗು ಸಾಯುವುದು, ನಾಯಿ ಸಾಯುವುದು, ಬಲಾತ್ಕಾರ ಇಂಥದ್ದು ಇದ್ದರೆ ಹೇಳು. ಇದರಿಂದ ಕಥೆಯೇನೂ ಕೆಡುವುದಿಲ್ಲ. ಜೋಂಬಿ ಸಿನಿಮಾದಲ್ಲಿ ಹೆಚ್ಚುಕಡಿಮೆ ತಪ್ಪದೇ ಬರುವ ಇನ್ನೊಂದು ದೃಶ್ಯ ನಿನಗೂ ಗೊತ್ತು. ಮನೆಯವರೇ ಕಚ್ಚಿಸಿಕೊಂಡು ಜೋಂಬಿಯಾಗುತ್ತಾರೆ, ಅವರು ಇನ್ನು ನಮ್ಮವರಲ್ಲ ಅಂತ ಯಾರೋ ತೀರ್ಮಾನ ಮಾಡಬೇಕಾಗುತ್ತದೆ. ನಿನ್ನ ರೂಮಿನ ಹುಡುಗ ಅಪ್ಪನನ್ನು ಕಳೆದುಕೊಂಡು ವರ್ಷ ಆಗಿಲ್ಲ ಅಂದಿದ್ದೆ. ಗುಂಪಿಗೆಲ್ಲ 'ಟ್ರೈನ್ ಟು ಬುಸಾನ್' ಹಾಕುವ ದಿನ ಅವನನ್ನು ಬಲವಂತ ಮಾಡಬೇಡ. ಅದು ಅಪ್ಪ ಮಗಳ ಕಥೆ. ಕೊರಿಯಾದಲ್ಲೇ ಒಂದು ಕೋಟಿಗೂ ಜಾಸ್ತಿ ಜನ ನೋಡಿದ ಸಿನಿಮಾ, ಹೊಸಬರಿಗೆ ಅದಕ್ಕಿಂತ ಒಳ್ಳೆಯ ಶುರುವಾತು ಇಲ್ಲ. ಆದರೆ ಅವನಿಗೆ ಈಗ ಬೇಡ. ಅವನು ನಗಲಿ ಅಂತ ತಮಾಷೆಯ 'ಶಾನ್ ಆಫ್ ದಿ ಡೆಡ್' ಹಾಕುವುದೂ ಬೇಡ, ಅದರಲ್ಲೂ ಮನೆಯವರ ಗೋಳಿದೆ. 'ಒನ್ ಕಟ್' ಕೊಡು.

ಓಡುವ ಜೋಂಬಿ ಸರಿಯೋ, ಕಾಲೆಳೆಯುವ ಜೋಂಬಿ ಸರಿಯೋ ಅಂತ ಜಗಳ ಆಡಿ ಒಬ್ಬಳು ಗುಂಪು ಬಿಟ್ಟಳಂತೆ. ಅಯ್ಯೋ ದೇವರೇ. ನಾನು ಕಾಲೆಳೆಯುವವರ ಪಕ್ಷ. ಹೊರಗೆ ಹೆಣಗಳು ನಿಧಾನವಾಗಿ ಬರುವಷ್ಟರಲ್ಲಿ ಒಳಗಿನವರು ಕಚ್ಚಾಡಿಕೊಂಡು ಹಾಳಾಗುತ್ತಾರೆ ನೋಡು, ನನಗೆ ಇಷ್ಟ ಅದು. 1978ರ 'ಡಾನ್ ಆಫ್ ದಿ ಡೆಡ್' ಬಹುಪಾಲು ಒಂದು ಮಾಲ್‌ನಲ್ಲಿ ಹಾಗೇ ನಡೆಯುತ್ತದೆ. 2004ರ ರೀಮೇಕಿನಲ್ಲಿ ಓಡುತ್ತಾರೆ, ಅದೂ ನೋಡಲು ಚೆನ್ನಾಗಿದೆ. ಅವಳಿಗೆ ಫೋನ್ ಮಾಡಿ ವಾಪಸ್ ಕರಿ.

ದೆವ್ವ ಇರಲಿ, ಹೆಣ ಬೇಡ ಅನ್ನುವವರಿಗೆ ನಮ್ಮ ಕನ್ನಡದ್ದೇ ಕೊಡು. 1979ರ 'ನಾ ನಿನ್ನ ಬಿಡಲಾರೆ' ನೋಡಲಿ, ಅನಂತನಾಗ್, ಲಕ್ಷ್ಮಿ, ರಾಜನ್-ನಾಗೇಂದ್ರ ಹಾಡುಗಳು. ಕನ್ನಡ ಬರದವರಿಗೆ ಹಿಂದಿಯ 'ತುಂಬಾಡ್'. ಅದು 2018ರಲ್ಲಿ ಬಂದಾಗ ಹೆಚ್ಚು ಓಡಲಿಲ್ಲ. ಒಬ್ಬರಿಗೊಬ್ಬರು ಹೇಳಿ ಹೇಳಿ, 2024ರಲ್ಲಿ ಮತ್ತೆ ತೆರೆಗೆ ತಂದಾಗ ಮೊದಲಿಗಿಂತ ಜಾಸ್ತಿ ದುಡ್ಡು ಮಾಡಿತು.

ಡಬ್ಬಿಂಗ್ ಹಾಕಬೇಡ, ಸಬ್‌ಟೈಟಲ್ ಇರಲಿ. ಅರ್ಧ ಹೆದರಿಕೆ ಅವರ ಉಸಿರಿನಲ್ಲೇ ಇರುತ್ತದೆ. ಪಕ್ಕದ ರೂಮಿನವರಿಗೆ ಹೇಳಿ ಸೌಂಡ್ ಜಾಸ್ತಿ ಮಾಡು.

ನಿನ್ನ ಆಫೀಸಿನ ಹುಡುಗಿ ಹಾರರ್ ಅಂದರೆ ನಗು ಬರುತ್ತೆ, ಯಾವುದಕ್ಕೂ ಹೆದರಲ್ಲ ಅಂತಾಳಂತಲ್ಲ, ಅವಳನ್ನು ಇನ್ನೊಂದು ಸಲ ಕೇಳು. ರಾತ್ರಿ ಒಬ್ಬಳೇ ಮನೆಯಲ್ಲಿದ್ದಾಗ ಯಾವ ಶಬ್ದಕ್ಕೆ ಎಚ್ಚರವಾಗುತ್ತೆ ಅಂತ ಕೇಳು. ಉತ್ತರ ಬರೆದು ಕಳಿಸು, ಅವಳಿಗೆ ಯಾವುದು ಅಂತ ಆಮೇಲೆ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ