ವಿಷಯ: ಬಾಲಿ ಡೈವಿಂಗ್ ಪ್ಯಾಕೇಜಿನ ಅಪಾಯಕಾರಿ ವೇಳಾಪಟ್ಟಿ ಮತ್ತು ಹಣ ವಾಪಸಾತಿ ಕುರಿತು

ಇವರಿಗೆ,
ವ್ಯವಸ್ಥಾಪಕರು, ವಿದೇಶ ಪ್ರವಾಸ ವಿಭಾಗ, ಮಂಗಳೂರು

ಮಾನ್ಯರೇ,

ನಾನು ಮತ್ತು ನನ್ನ ತಮ್ಮ ನಿಮ್ಮ ಬಾಲಿ ಪ್ಯಾಕೇಜಿನಲ್ಲಿ ಹೋಗಿ ಬಂದೆವು. ಹೋಟೆಲು, ಕಾರು, ಊಟದ ಬಗ್ಗೆ ತಕರಾರಿಲ್ಲ. ತಕರಾರು ಕೊನೆಯ ದಿನದ್ದು. ಬೆಳಿಗ್ಗೆ ತುಲಂಬೆನ್‌ನಲ್ಲಿ ಮುಳುಗಿದ ಹಡಗಿಗೆ ಎರಡು ಡೈವ್, ಮಧ್ಯಾಹ್ನ ಕಿಂತಾಮಣಿ ಬೆಟ್ಟದಲ್ಲಿ ಊಟ, ರಾತ್ರಿ ಡೆನ್‌ಪಸಾರ್‌ನಿಂದ ಬೆಂಗಳೂರಿಗೆ ವಿಮಾನ. ಇದು ನೀವು ಹಾಕಿಕೊಟ್ಟ ಪಟ್ಟಿ.

ಹದಿನೆಂಟು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿರುವುದಕ್ಕಿಂತ ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತ, ಸ್ನಾಯುಗಳಲ್ಲಿ ಕರಗಿ ಕೂರುತ್ತದೆ, ಮೇಲೆ ಬಂದ ಮೇಲೆ ಗಂಟೆಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಹೊರಹೋಗುತ್ತದೆ. ಅಷ್ಟರೊಳಗೆ ಒತ್ತಡ ಕಡಿಮೆ ಇರುವಲ್ಲಿಗೆ ಹೋದರೆ ಗೋಲಿ ಸೋಡಾ ಒಡೆದಂತೆ ಮೈಯೊಳಗೇ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ವಿಮಾನದೊಳಗಿನ ಒತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದಲ್ಲಿರುವಷ್ಟೇ. ಅದಕ್ಕೇ ಡೈವರ್‌ಗಳ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವುದು: ಒಂದೇ ಡೈವ್ ಆದರೆ ವಿಮಾನಕ್ಕೆ ಮೊದಲು ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ನಿಮ್ಮ ಪಟ್ಟಿಯಲ್ಲಿ ಹನ್ನೊಂದು ಗಂಟೆಯೂ ಸರಿಯಾಗಿ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ನಡುವೆ ಸುಮಾರು 1500 ಮೀಟರ್ ಎತ್ತರದ ಕಿಂತಾಮಣಿ ಬೇರೆ! ಮುರ್ಡೇಶ್ವರದಲ್ಲಿ ಡೈವಿಂಗ್ ಕೋರ್ಸ್ ಮಾಡಿಸುವವರು ನೇತ್ರಾಣಿ ದ್ವೀಪಕ್ಕೆ ದೋಣಿ ಹತ್ತಿಸುವ ಮೊದಲೇ ಇದನ್ನು ಬಾಯಿಪಾಠ ಮಾಡಿಸುತ್ತಾರೆ.

ಟಿಕೆಟ್ ಬುಕ್ ಆಗುವ ಮುಂಚೆ ಈ ಪಟ್ಟಿಯನ್ನು ನೀವು ನಮಗೆ ಕೊಡಲಿಲ್ಲ. ಹೊರಡುವ ಹಿಂದಿನ ಸಂಜೆ ವಾಟ್ಸಾಪ್‌ನಲ್ಲಿ ಬಂತು. ಕೂಡಲೇ ಫೋನ್ ಮಾಡಿ ವಿಮಾನ ಮುಂದೆ ಹಾಕಿ ಎಂದೆ. "ಎಂತದೂ ಆಗುದಿಲ್ಲ ಸರ್, ಎಲ್ರೂ ಹಾಗೇ ಹೋಗುದು" ಎಂದರು ನಿಮ್ಮ ಸಿಬ್ಬಂದಿ.

ತುಲಂಬೆನ್‌ನ ಗೈಡ್ ಹಾಗೆನ್ನಲಿಲ್ಲ. ಫಾರ್ಮ್ ತುಂಬಿಸುತ್ತಾ ವಿಮಾನ ಎಷ್ಟು ಹೊತ್ತಿಗೆ ಎಂದು ಕೇಳಿದವನು, ಉತ್ತರ ಕೇಳಿ ಪೆನ್ನಿನ ಮುಚ್ಚಳ ಹಾಕಿದ. ಡೈವ್ ಬಿಡಿ, ಇಲ್ಲವೇ ವಿಮಾನ ಬಿಡಿ, ಎರಡೂ ಬೇಕಾದರೆ ನನ್ನ ಗಾಳಿ ಟ್ಯಾಂಕ್ ಸಿಗುವುದಿಲ್ಲ ಎಂದ. ಅಷ್ಟು ದೂರ ಹೋಗಿದ್ದೇ ಆ ಹಡಗಿಗಾಗಿ, ವಿಮಾನ ಬಿಟ್ಟೆವು. ಕಪ್ಪು ಉರುಟು ಕಲ್ಲುಗಳ ಮೇಲೆ ಊರಿನ ಹೆಂಗಸರು ಟ್ಯಾಂಕುಗಳನ್ನು ತಲೆ ಮೇಲೆ ಹೊತ್ತು ತಂದರು. ದಡದಿಂದ ಈಜಿಯೇ ತಲುಪುವಷ್ಟು ಹತ್ತಿರ, ಬೆಚ್ಚಗಿನ ನೀರು, ಹವಳ ಮುಚ್ಚಿದ ಕಬ್ಬಿಣ. ಅದು ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಅಂದ ಹಾಗೆ, ಅದು 1942ರಲ್ಲಿ ಅಲ್ಲಿಯೇ ಮುಳುಗಿತು ಎಂದು ನಿಮ್ಮ ಕರಪತ್ರದಲ್ಲಿದೆ. ಆ ವರ್ಷ ಜಪಾನಿ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿದ ಅಮೆರಿಕದ ಸರಕು ಹಡಗು 'ಲಿಬರ್ಟಿ'ಯನ್ನು ಎಳೆದು ತಂದು ದಡ ಹತ್ತಿಸಿದ್ದರು. ನೀರಿಗೆ ಜಾರಿದ್ದು 1963ರಲ್ಲಿ, ಅಗುಂಗ್ ಜ್ವಾಲಾಮುಖಿ ಸಿಡಿದಾಗ. ಇದೊಂದು ಸಣ್ಣ ತಪ್ಪು, ಇತಿಹಾಸ ತಪ್ಪಿದರೆ ಯಾರ ರಕ್ತದಲ್ಲೂ ಗುಳ್ಳೆ ಏಳುವುದಿಲ್ಲ.

ಹೊಸ ಟಿಕೆಟ್‌ಗಳು, ಹೆಚ್ಚುವರಿ ರಾತ್ರಿಯ ಕೋಣೆ, ನಾವು ತಿನ್ನದ ಕಿಂತಾಮಣಿ ಊಟ, ಇವಿಷ್ಟರ ಹಣ ನಮಗೆ ವಾಪಸ್ ಬರಬೇಕು. ರಸೀದಿಗಳನ್ನೂ ಆ ಸಂಜೆಯ ವಾಟ್ಸಾಪ್ ಸಂದೇಶದ ಪ್ರತಿಯನ್ನೂ ಲಗತ್ತಿಸಿದ್ದೇನೆ. ವಿಮಾನ ತಪ್ಪಿಸಿಕೊಂಡದ್ದು ನೀವೇ ಎಂದು ನಿಮ್ಮ ಕಚೇರಿಯಿಂದ ಬಂದ ಉತ್ತರವನ್ನು ನಾನು ಒಪ್ಪುವುದಿಲ್ಲ.

ಹಣಕ್ಕಿಂತ ತುರ್ತಾದದ್ದು ಇನ್ನೊಂದಿದೆ. ಡಿಸೆಂಬರ್ ತಂಡಕ್ಕೂ ನೀವು ಇದೇ ಪಟ್ಟಿ ಕಳಿಸಿದ್ದೀರಿ. ಅವರಲ್ಲಿ ಹೆಚ್ಚಿನವರು ಮೊದಲ ಸಲ ನೀರಿಗಿಳಿಯುವವರು, ಕೇಳಬೇಕೆಂದೇ ಅವರಿಗೆ ಗೊತ್ತಿರಲಿಕ್ಕಿಲ್ಲ. ಎಲ್ಲ ಗೈಡ್‌ಗಳೂ ಕೇಳುತ್ತಾರೆ ಎನ್ನುವ ಖಾತರಿಯೂ ಇಲ್ಲ. ಈ ವಾರವೇ ಡೈವಿಂಗನ್ನು ಪ್ರವಾಸದ ಮೊದಲ ದಿನಗಳಿಗೆ ಹಾಕಿ, ಅವರಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ನನಗೂ ಕಳಿಸಿ.

ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇನೆ. ಅದಕ್ಕೆ ನಾನು ಮಂಗಳೂರಿಗೆ ಬರಬೇಕಾಗಿಲ್ಲ, ವಾಸವಿರುವ ಉಡುಪಿಯ ಜಿಲ್ಲಾ ಆಯೋಗದಲ್ಲೇ ಕೊಡಬಹುದು.

ಇಂತಿ,
ನಿಮ್ಮ ಗ್ರಾಹಕ
ಉಡುಪಿ