ವಾಣಿಜ್ಯ ಕಾನೂನಿನ ಸ್ನಾತಕೋತ್ತರ ಪದವಿ: ಪಠ್ಯಕ್ರಮವನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಕಾನೂನು ಪದವೀಧರರಿಗೆ ಮುಂದಿನ ದಾರಿ ತೋರಿಸುವ ಶಿಕ್ಷಣ ಪುಟಗಳಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಕಾನೂನಿನ ಸ್ನಾತಕೋತ್ತರ ಪದವಿಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ವಿಶ್ವವಿದ್ಯಾಲಯಗಳ ಹೆಸರು, ಅರ್ಜಿ ಸಲ್ಲಿಸಲು ಕಡೆಯ ದಿನ, ಮುಂದೆ ದೊರೆಯಬಹುದಾದ ಹುದ್ದೆ ಎಲ್ಲವೂ ಇರುತ್ತದೆ. ವಿದ್ಯಾರ್ಥಿ ಆ ಒಂದು ವರ್ಷದಲ್ಲಿ ಓದುವುದೇನು ಎಂಬುದು ಮಾತ್ರ ಇರುವುದಿಲ್ಲ. ಇದೇ ವಿಷಯವನ್ನು ಓದಿ, ಈಗ ದೇಶ ದೇಶಗಳ ನಡುವಿನ ವ್ಯಾಪಾರದ ಕರಾರುಪತ್ರಗಳನ್ನು ಬರೆಯುವ ಮತ್ತು ತಿದ್ದುವ ಕೆಲಸದಲ್ಲಿರುವ ನಾನು ಆ ಬಿಟ್ಟುಹೋದ ಭಾಗದ ಬಗ್ಗೆ ಬರೆಯುತ್ತಿದ್ದೇನೆ.

ಈ ಪದವಿಯ ಹೆಸರು ಕೇಳಿದೊಡನೆ ಹೆಚ್ಚಿನವರ ಮನಸ್ಸಿಗೆ ಬರುವುದು ವಿಶ್ವ ವ್ಯಾಪಾರ ಸಂಸ್ಥೆ. ನಾನೂ ಅದನ್ನೇ ನೆನೆದು ಸೇರಿದ್ದೆ. ಆದರೆ 1995ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ಆ ಸಂಸ್ಥೆಯಲ್ಲಿ ವ್ಯಾಜ್ಯ ಹೂಡಬಲ್ಲವು ಸದಸ್ಯ ಸರ್ಕಾರಗಳೇ ಹೊರತು ಒಬ್ಬ ವ್ಯಾಪಾರಿಯೋ ಒಂದು ಕಂಪನಿಯೋ ಅಲ್ಲ. ಅಲ್ಲಿನ ಮೇಲ್ಮನವಿ ಮಂಡಳಿಯಂತೂ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರ್‌ನಿಂದ ಹೊಸ ಮೇಲ್ಮನವಿಗಳನ್ನು ಕೇಳಲಾರದ ಸ್ಥಿತಿಯಲ್ಲಿದೆ. ಇದನ್ನು ಓದಬಾರದು ಎಂದು ನಾನು ಹೇಳುವುದಿಲ್ಲ. ಸರ್ಕಾರಗಳ ವ್ಯಾಪಾರ ಇಲಾಖೆಯಲ್ಲಿ ಕೆಲಸ ಮಾಡಲು ಬಯಸುವವರಿಗೆ ಇದು ಬೇಕೇ ಬೇಕು. ಆದರೆ ಈ ಪದವಿ ಪಡೆದವರಲ್ಲಿ ಬಹುಪಾಲು ಮಂದಿಗೆ ಮುಂದೆ ಎದುರಾಗುವ ಪ್ರಶ್ನೆಗಳು ಬೇರೆಯೇ ಆಗಿರುತ್ತವೆ: ಈ ಕರಾರಿಗೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ, ಜಗಳವಾದರೆ ಅದನ್ನು ಯಾರು ಕೇಳಬೇಕು, ಗೆದ್ದವನ ಕೈಗೆ ಹಣ ಬರುವುದು ಹೇಗೆ?

ಇವುಗಳಲ್ಲಿ ಮೊದಲನೆಯದಕ್ಕೆ ಉತ್ತರ ಹುಡುಕುವಾಗ ಸರಕುಗಳ ಅಂತರರಾಷ್ಟ್ರೀಯ ಮಾರಾಟ ಕರಾರುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಬದಿಗಿಡಲು ಆಗುವುದಿಲ್ಲ. 1980ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾಗಿ 1988ರ ಜನವರಿಯಲ್ಲಿ ಜಾರಿಗೆ ಬಂದ ಈ ಒಡಂಬಡಿಕೆಯಲ್ಲಿ 101 ವಿಧಿಗಳಿವೆ. 90ಕ್ಕೂ ಹೆಚ್ಚು ದೇಶಗಳು ಇದಕ್ಕೆ ಸೇರಿವೆ. ಬ್ರಿಟನ್ ಮತ್ತು ಭಾರತ ಸೇರಿಲ್ಲ. ಸೇರದ ದೇಶದ ವ್ಯಾಪಾರಿಗೆ ಇದರ ಗೊಡವೆಯೇ ಇಲ್ಲವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅದು ದುಬಾರಿಯಾಗಬಲ್ಲ ತಪ್ಪು. ಕರಾರಿನಲ್ಲಿ 'ಫ್ರಾನ್ಸ್ ದೇಶದ ಕಾನೂನು ಅನ್ವಯಿಸುತ್ತದೆ' ಎಂದು ಬರೆದರೆ, ಈ ಒಡಂಬಡಿಕೆಯೂ ಫ್ರಾನ್ಸಿನ ಕಾನೂನಿನ ಭಾಗವೇ ಆಗಿರುವುದರಿಂದ, ಬೇಡವೆಂದು ಸ್ಪಷ್ಟವಾಗಿ ಹೇಳದ ಹೊರತು ಅದು ಸಾಮಾನ್ಯವಾಗಿ ಹಿಂಬಾಗಿಲಿನಿಂದ ಒಳಗೆ ಬಂದು ಕೂರುತ್ತದೆ. ಹಾಗೆ ಬೇಡವೆನ್ನುವ ಸ್ವಾತಂತ್ರ್ಯವನ್ನು 6ನೇ ವಿಧಿಯೇ ಕೊಡುತ್ತದೆ. ಒಂದೇ ಸಾಲಿನ ಆ ಷರತ್ತನ್ನು ಬರೆಯಬೇಕೇ ಬೇಡವೇ ಎಂಬುದನ್ನು ಕಕ್ಷಿದಾರನ ಹಿತ ನೋಡಿ ತೀರ್ಮಾನಿಸುವುದನ್ನು ಕಲಿಸದ ಪದವಿ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಈ ಒಡಂಬಡಿಕೆಯನ್ನು ಕಲಿಸುವಾಗ ಹೆಚ್ಚಾಗಿ ಚರ್ಚೆಗೆ ಬರುವ ಪ್ರಕರಣವೊಂದಿದೆ. ಸ್ವಿಟ್ಜರ್ಲೆಂಡಿನ ಮಾರಾಟಗಾರನೊಬ್ಬ ನ್ಯೂಜಿಲೆಂಡಿನ ಕಪ್ಪೆಚಿಪ್ಪಿನ ಮಾಂಸವನ್ನು ಜರ್ಮನಿಯ ಖರೀದಿದಾರನಿಗೆ ಮಾರಿದ್ದ. ಅದರಲ್ಲಿದ್ದ ಕ್ಯಾಡ್ಮಿಯಂ ಎಂಬ ಲೋಹದ ಪ್ರಮಾಣ ಜರ್ಮನಿಯ ಆರೋಗ್ಯ ಇಲಾಖೆ ಶಿಫಾರಸು ಮಾಡಿದ ಮಿತಿಯನ್ನು ಮೀರಿತ್ತು. ಖರೀದಿದಾರ ಹಣ ಕೊಡಲು ಒಪ್ಪಲಿಲ್ಲ. 1995ರ ಮಾರ್ಚ್ 8ರಂದು ಜರ್ಮನಿಯ ಫೆಡರಲ್ ನ್ಯಾಯಾಲಯ ಮಾರಾಟಗಾರನ ಪರವಾಗಿ ತೀರ್ಪು ನೀಡಿತು. ಖರೀದಿದಾರನ ದೇಶದ ವಿಶೇಷ ನಿಯಮಗಳನ್ನೆಲ್ಲ ಮಾರಾಟಗಾರ ತಿಳಿದಿರಬೇಕೆಂದು ಸಾಮಾನ್ಯವಾಗಿ ನಿರೀಕ್ಷಿಸಲಾಗದು. ಅದೇ ನಿಯಮ ಮಾರಾಟಗಾರನ ದೇಶದಲ್ಲಿಯೂ ಇದ್ದರೆ, ಖರೀದಿದಾರ ಅದನ್ನು ಮೊದಲೇ ತಿಳಿಸಿದ್ದರೆ, ಅಥವಾ ಇನ್ನಾವುದೋ ವಿಶೇಷ ಸಂದರ್ಭದಿಂದ ಮಾರಾಟಗಾರನಿಗೆ ಅದು ಗೊತ್ತಿದ್ದರೆ ಮಾತು ಬೇರೆ ಎಂಬುದು ತೀರ್ಪಿನ ಸಾರ. ಜರ್ಮನಿಯ ನ್ಯಾಯಾಲಯವೇ ಜರ್ಮನಿಯ ಖರೀದಿದಾರನನ್ನು ಬರಿಗೈಯಲ್ಲಿ ಕಳಿಸಿದ್ದನ್ನು ಓದಿದಾಗ ನನಗೆ ಈ ವಿಷಯದ ಸ್ವಭಾವ ಮೊದಲ ಬಾರಿಗೆ ಅರ್ಥವಾಯಿತು. 7ನೇ ವಿಧಿ ಹೇಳುವಂತೆ ಒಡಂಬಡಿಕೆಯನ್ನು ಅದರ ಅಂತರರಾಷ್ಟ್ರೀಯ ಸ್ವರೂಪಕ್ಕೆ ತಕ್ಕಂತೆ, ಎಲ್ಲ ದೇಶಗಳಲ್ಲೂ ಏಕರೂಪವಾಗಿ ಅರ್ಥೈಸಬೇಕು. ತನ್ನೂರಿನ ಕಾನೂನಿನ ಕನ್ನಡಕ ಹಾಕಿಕೊಂಡು ಓದುವಂತಿಲ್ಲ. ಅರೇಬಿಕ್, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್ ಮತ್ತು ಸ್ಪ್ಯಾನಿಷ್ ಪಠ್ಯಗಳು ಸಮಾನವಾಗಿ ಅಧಿಕೃತವಾಗಿರುವ ಒಂದು ಕಾನೂನನ್ನು ಓದುವ ಶಿಸ್ತು ಒಂದೆರಡು ಉಪನ್ಯಾಸಗಳಿಂದ ಬರುವಂಥದ್ದಲ್ಲ.

ಹಣ ಪಾವತಿ ಮತ್ತು ಸಾಗಣೆಯ ಪಾಠಗಳನ್ನು ಒಣ ವಿಷಯವೆಂದು ಬಿಡುವವರೇ ಹೆಚ್ಚು. ಆದರೆ ಖರೀದಿದಾರನ ಪರವಾಗಿ ಹಣ ಕೊಡುವ ಭರವಸೆಯನ್ನು ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಬ್ಯಾಂಕು ನೋಡುವುದು ದಾಖಲೆಗಳನ್ನೇ ಹೊರತು ಸರಕನ್ನಲ್ಲ ಎಂಬ ನಿಯಮ, ದಾಖಲೆಗಳ ಪರಿಶೀಲನೆಗೆ ಬ್ಯಾಂಕಿಗಿರುವ ಗರಿಷ್ಠ 5 ಬ್ಯಾಂಕಿಂಗ್ ದಿನಗಳ ಗಡುವು, ಸಾಗಣೆಯ ಖರ್ಚು ಮತ್ತು ಹೊಣೆಯನ್ನು ಮಾರಾಟಗಾರ ಹಾಗೂ ಖರೀದಿದಾರರ ನಡುವೆ ಹಂಚುವ ಇನ್‌ಕೋಟರ್ಮ್ಸ್ 2020ರ 11 ಪದಗಳಲ್ಲಿ ಯಾವುದೂ ಸರಕಿನ ಮಾಲೀಕತ್ವ ಯಾವಾಗ ಕೈಬದಲಾಗುತ್ತದೆ ಎಂದು ಹೇಳುವುದಿಲ್ಲ ಎಂಬ ಸಂಗತಿ, ಇವು ಗೊತ್ತಿಲ್ಲದೆ ಕರಾರು ಬರೆಯಲು ಕುಳಿತವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಇದ್ದರು.

ಇನ್ನು ವ್ಯಾಜ್ಯದ ಮಾತು. ಒಂದು ದೇಶದ ನ್ಯಾಯಾಲಯದ ಡಿಕ್ರಿಯನ್ನು ಮತ್ತೊಂದು ದೇಶದಲ್ಲಿ ಜಾರಿ ಮಾಡಿಸುವುದು ಇಂದಿಗೂ ಪ್ರಯಾಸದ ಕೆಲಸ. ಅದಕ್ಕಾಗಿ ರೂಪುಗೊಂಡ 2019ರ ಹೇಗ್ ಒಡಂಬಡಿಕೆ ಜಾರಿಗೆ ಬಂದದ್ದೇ 2023ರ ಸೆಪ್ಟೆಂಬರ್‌ನಲ್ಲಿ. ಮಧ್ಯಸ್ಥಿಕೆಯ, ಅಂದರೆ ನ್ಯಾಯಾಲಯದ ಬದಲು ಪಕ್ಷಕಾರರೇ ಒಪ್ಪಿಕೊಂಡ ಮಧ್ಯಸ್ಥಗಾರರು (ಆರ್ಬಿಟ್ರೇಟರ್) ನೀಡುವ, ತೀರ್ಪಿಗಾದರೋ 1958ರ ನ್ಯೂಯಾರ್ಕ್ ಒಡಂಬಡಿಕೆಯ ಬೆಂಬಲವಿದೆ. 170ಕ್ಕೂ ಹೆಚ್ಚು ದೇಶಗಳ ನ್ಯಾಯಾಲಯಗಳು, 5ನೇ ವಿಧಿಯಲ್ಲಿ ಹೇಳಿದ ಕೆಲವೇ ಕಾರಣಗಳಿದ್ದರೆ ಹೊರತು, ಅದನ್ನು ಮಾನ್ಯ ಮಾಡಲೇಬೇಕು. ತೀರ್ಪು ಸರಿಯೇ ತಪ್ಪೇ ಎಂದು ಮತ್ತೆ ವಿಚಾರಣೆ ನಡೆಸುವಂತಿಲ್ಲ. ದೊಡ್ಡ ಕಂಪನಿಗಳು ದುಬಾರಿಯಾದರೂ ಮಧ್ಯಸ್ಥಿಕೆಯನ್ನೇ ಆರಿಸಿಕೊಳ್ಳಲು ಮುಖ್ಯ ಕಾರಣ ಇದು. ಹೀಗಿರುವಾಗ ಮಧ್ಯಸ್ಥಿಕೆಯನ್ನು ಐಚ್ಛಿಕ ವಿಷಯವಾಗಿಟ್ಟು, ಅಂತರರಾಷ್ಟ್ರೀಯ ಸಂಸ್ಥೆಗಳ ಇತಿಹಾಸವನ್ನು ಕಡ್ಡಾಯ ಮಾಡಿರುವ ಪಠ್ಯಕ್ರಮ ಕಂಡರೆ ಅಲ್ಲಿ ಸೇರುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಯಾವಾಗ ಸೇರಬೇಕು ಎಂಬುದೂ ಮುಖ್ಯ. ತನ್ನ ದೇಶದ ಕರಾರು ಕಾನೂನೇ ಗಟ್ಟಿಯಾಗದವನಿಗೆ ಹತ್ತು ದೇಶಗಳ ತುಲನೆ ಗೊಂದಲವನ್ನಷ್ಟೇ ಕೊಡುತ್ತದೆ. ನಿರೀಕ್ಷೆ ಮೀರಿದ ಅಡಚಣೆ ಬಂದಾಗ ಪಕ್ಷಕಾರನಿಗೆ ವಿನಾಯಿತಿ ಕೊಡುವ, ಮಾರಾಟ ಕರಾರುಗಳ ಒಡಂಬಡಿಕೆಯ 79ನೇ ವಿಧಿಯ ಮಹತ್ವ ತಿಳಿಯಬೇಕಾದರೆ, ಅದೇ ಸಂದರ್ಭದಲ್ಲಿ ತನ್ನ ದೇಶದ ಕಾನೂನು ಕರಾರನ್ನೇ ರದ್ದು ಮಾಡುತ್ತದೆಯೋ ಇಲ್ಲವೋ ಎಂಬುದು ಮೊದಲೇ ತಿಳಿದಿರಬೇಕು. ಪದವಿ ಮುಗಿದ ಕೂಡಲೇ ಸೇರುವುದಕ್ಕಿಂತ ಎರಡು ಮೂರು ವರ್ಷ ವಕೀಲರ ಕಚೇರಿಯಲ್ಲೋ ಕಂಪನಿಯ ಕಾನೂನು ವಿಭಾಗದಲ್ಲೋ ದುಡಿದು ಸೇರಿದವರು ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆಯಾಗಿದ್ದವು. ನಾನು ಕಾಯದೆ ಸೇರಿದವನು. ಅದರ ನಷ್ಟ ನನಗೆ ಆಮೇಲೆ ಗೊತ್ತಾಯಿತು. ಜೊತೆಗೆ, ಈ ಪದವಿ ತಾನಾಗಿಯೇ ಯಾವ ದೇಶದಲ್ಲೂ ವಕೀಲಿ ಮಾಡುವ ಸನ್ನದು ಕೊಡುತ್ತದೆಂದು ತಿಳಿಯಬಾರದು. ಆ ಪರವಾನಗಿಯ ಪರೀಕ್ಷೆ ಮತ್ತು ಅರ್ಹತೆಗಳನ್ನು ಆಯಾ ದೇಶವೇ ಪ್ರತ್ಯೇಕವಾಗಿ ನಿಗದಿ ಮಾಡುತ್ತದೆ. ಸಾಲ ಮಾಡಿ ಓದಲು ಹೊರಡುವವರು ಇದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ತಮಗೆ ಈ ವಿಷಯ ಒಗ್ಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲು ಹಣ ಬೇಕಿಲ್ಲ. ಅಂತರರಾಷ್ಟ್ರೀಯ ವ್ಯಾಪಾರ ಕಾನೂನಿಗಾಗಿ ವಿಶ್ವಸಂಸ್ಥೆ 1966ರಲ್ಲಿ ಸ್ಥಾಪಿಸಿದ ಆಯೋಗ ತನ್ನ ಒಡಂಬಡಿಕೆಗಳನ್ನೂ ಅವುಗಳ ಮೇಲೆ ಬಂದ ತೀರ್ಪುಗಳ ಸಾರಾಂಶಗಳನ್ನೂ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಮಾರಾಟ ಕರಾರುಗಳ ಒಡಂಬಡಿಕೆಯ ಆ 101 ವಿಧಿಗಳನ್ನು ಒಂದು ವಾರ ಕುಳಿತು ಓದಿ ಬೇಸರವಾಗದಿದ್ದರೆ ಅರ್ಜಿ ಹಾಕಬಹುದು. ವಿಶ್ವವಿದ್ಯಾಲಯವನ್ನು ಆರಿಸುವಾಗ, ಅದು ವಿಯೆನ್ನಾದಲ್ಲಿ ಪ್ರತಿ ವರ್ಷ ನಡೆಯುವ ವಿಲೆಮ್ ವಿಸ್ ಅಣಕು ಮಧ್ಯಸ್ಥಿಕೆ ಸ್ಪರ್ಧೆಗೆ ತಂಡ ಕಳಿಸುತ್ತದೆಯೇ ಎಂದು ಕೇಳುವುದೂ ಉಪಯುಕ್ತ. ಅಲ್ಲಿ ಒಂದೇ ತಂಡ ಮೊದಲು ಅರ್ಜಿದಾರನ ಪರವಾಗಿ, ನಂತರ ಪ್ರತಿವಾದಿಯ ಪರವಾಗಿ ಲಿಖಿತ ವಾದ ಸಿದ್ಧಪಡಿಸಬೇಕಾಗುತ್ತದೆ. ತಾನೇ ಕಟ್ಟಿದ ವಾದವನ್ನು ತಾನೇ ಕೆಡಹುವ ಈ ಅಭ್ಯಾಸದಿಂದ ಕಲಿತಷ್ಟನ್ನು ನಾನು ಯಾವ ಪರೀಕ್ಷೆಗೆ ಓದಿಯೂ ಕಲಿಯಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇಂತಹ ಪದವಿಗಳ ಬಗ್ಗೆ ಬರೆಸುವಾಗ ಕಡ್ಡಾಯ ವಿಷಯಗಳು ಯಾವುವು, ಪಾಠ ಹೇಳುವವರಲ್ಲಿ ಮಧ್ಯಸ್ಥಿಕೆ ನಡೆಸಿದವರು ಇದ್ದಾರೆಯೇ, ಕರಾರು ಬರೆಯುವ ಅಭ್ಯಾಸಕ್ಕೆ ಎಷ್ಟು ಗಂಟೆ ಮೀಸಲಿದೆ ಎಂಬ ವಿವರಗಳನ್ನೂ ದಯವಿಟ್ಟು ಪ್ರಕಟಿಸಿರಿ. ಶುಲ್ಕದ ಪಕ್ಕದಲ್ಲಿ ಅದಕ್ಕೆ ಎರಡು ಸಾಲಿನ ಜಾಗ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ