ಶೀತಲಗೃಹದ ಖಾಲಿ ಪೈಪುಗಳನ್ನೂ ಪರೀಕ್ಷಿಸಿ

ಮಾನ್ಯರೇ,

ಮೀನು, ಸಿಗಡಿ, ಐಸ್‌ಕ್ರೀಂ ಇಡುವ ಮೈನಸ್ 18 ಡಿಗ್ರಿಯ ಕೋಣೆಗೆ ಬೆಂಕಿಯ ಭಯವೇಕೆ ಎಂದು ಕೇಳುವವರಿದ್ದಾರೆ. ಅದರ ಗೋಡೆಯೊಳಗೆ ತಂಪು ಹಿಡಿದಿಡಲು ತುಂಬಿದ ಫೋಮ್ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ. ಬೆಂಕಿ ಆರಿಸಲು ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಪೈಪಿನಲ್ಲಿ ಅಲ್ಲಿ ನೀರು ತುಂಬಿಟ್ಟರೆ ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ. ಅದಕ್ಕೇ ಡ್ರೈ ಸ್ಪ್ರಿಂಕ್ಲರ್: ಪೈಪಿನಲ್ಲಿ ಇರುವುದು ಒತ್ತಡದ ಗಾಳಿ. ಶಾಖಕ್ಕೆ ಸ್ಪ್ರಿಂಕ್ಲರ್ ಬಾಯಿಬಿಟ್ಟು ಗಾಳಿ ಹೊರಹೋದಾಗ, ಹೊರಗಿನ ಕೋಣೆಯಲ್ಲಿರುವ ವಾಲ್ವ್ ತೆರೆದು ನೀರು ನುಗ್ಗುತ್ತದೆ.

ತೊಂದರೆ ಶುರುವಾಗುವುದು ಅಳವಡಿಸಿದ ಮೇಲೆ. ಮಂಗಳೂರು, ಮಲ್ಪೆಯಂಥ ಊರುಗಳ ತೇವದ ಗಾಳಿಯನ್ನು ಹಾಗೇ ಕಂಪ್ರೆಸರ್‌ನಿಂದ ತುಂಬಿದರೆ, ಆ ತೇವವೇ ಒಳಗೆ ಮಂಜುಗಡ್ಡೆಯಾಗಿ ಬಿರಡೆಯಂತೆ ಪೈಪನ್ನು ಮುಚ್ಚಿಬಿಡಬಹುದು. ತೇವ ತೆಗೆಯುವ ಡ್ರೈಯರ್, ಅಥವಾ ಗಾಳಿಯ ಬದಲು ಒಣ ನೈಟ್ರೋಜನ್ ಬೇಕು. ಪೈಪಿಗೆ ಇಳಿಜಾರು ಕೊಡದಿದ್ದರೆ ಪರೀಕ್ಷೆಯ ನೀರು ತಗ್ಗಿನಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಗಾಳಿ ಸೋರಿ ಅಲಾರಂ ಕೂಗಿದರೆ ಅದರ ಬಾಯಿ ಮುಚ್ಚಿಸುವ ಜಾಣರೂ ಇದ್ದಾರೆ!

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ರೂಪಿಸಿದ ‘ಎನ್‌ಎಫ್‌ಪಿಎ 25’ ಮಾನದಂಡದ ಪ್ರಕಾರ ಈ ವಾಲ್ವನ್ನು ವರ್ಷಕ್ಕೊಮ್ಮೆ, ಪೂರ್ಣ ಹರಿವಿನಲ್ಲಿ 3 ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ದೊಡ್ಡ ವ್ಯವಸ್ಥೆಗಳಲ್ಲಿ ಕೊನೆಯ ತುದಿಗೆ ಸಾಮಾನ್ಯವಾಗಿ 60 ಸೆಕೆಂಡಿನೊಳಗೆ ನೀರು ಮುಟ್ಟಬೇಕೆಂಬ ಲೆಕ್ಕವಿದೆ. ಅಗ್ನಿ ಸುರಕ್ಷತಾ ಪ್ರಮಾಣಪತ್ರ ನವೀಕರಿಸುವಾಗ ನಮ್ಮ ಅಗ್ನಿಶಾಮಕ ಇಲಾಖೆಯವರು ಈ ಸೆಕೆಂಡುಗಳ ದಾಖಲೆಯನ್ನೂ ಕೇಳಲಿ. ಬಾಡಿಗೆ ಗೋದಾಮಾದರೆ ಪರೀಕ್ಷೆಯ ಹೊಣೆ ಮಾಲೀಕರದೋ ಬಾಡಿಗೆದಾರರದೋ ಎಂಬುದನ್ನು ಕರಾರಿನಲ್ಲೇ ಬರೆಸಬೇಕು.

– ಓದುಗ, ಮಂಗಳೂರು